ಮಕ್ಕಳ ಕಥೆಗೆ ಅಂಕ ಕೊಡುವವರು ಯಾರು?

ಅಕ್ಕಿಯನ್ನು ಸೇರಿನಿಂದಲೂ ಬಟ್ಟೆಯನ್ನು ಗಜದಿಂದಲೂ ಅಳೆಯುತ್ತಿದ್ದ ಕಾಲ ಹೋಗಿ ಕಿಲೋಗ್ರಾಂ, ಮೀಟರುಗಳು ಬಂದವು. ಅಳತೆಯ ಜಗಳಗಳು ಬಹುಮಟ್ಟಿಗೆ ನಿಂತವು. ಕಥೆಯ ಅಳತೆ ಮಾತ್ರ ಅಂದಿನಂತೆಯೇ ಇಂದಿಗೂ ಅವರವರ ಮನೆಯ ಪಾವಿನಲ್ಲಿ ನಡೆಯುತ್ತಿದೆ. ದೊಡ್ಡವರ ಕಥೆಯಾದರೆ ಚಿಂತೆಯಿಲ್ಲ. ರುಚಿಸದಿದ್ದರೆ ಮಡಿಸಿಟ್ಟು ಮಲಗುವ ಸ್ವಾತಂತ್ರ್ಯ ಓದುವವನಿಗೆ ಉಂಟು. ಮಕ್ಕಳ ಕಥೆಯ ಪಾಡು ಬೇರೆ. ಅದನ್ನು ಬರೆಯುವವರು ದೊಡ್ಡವರು, ಅಚ್ಚು ಹಾಕಿಸುವವರು ದೊಡ್ಡವರು, ಕೊಳ್ಳುವವರು ದೊಡ್ಡವರು, 'ಉತ್ತಮ'ವೆಂದು ಮುದ್ರೆಯೊತ್ತಿ ಬಹುಮಾನ ಕೊಡುವವರೂ ದೊಡ್ಡವರು. ಓದಬೇಕಾದ ಹುಡುಗನೊಬ್ಬನನ್ನು ಮಾತ್ರ ಯಾರೂ ಕೇಳುವುದಿಲ್ಲ. ಉಣ್ಣುವವನ ನಾಲಗೆಯನ್ನು ಕೇಳದೆ ಅಡಿಗೆಗೆ ಪ್ರಶಸ್ತಿ ಕೊಡುವ ಈ ಪದ್ಧತಿ ವಿಚಿತ್ರವೆಂದು ನಮಗೆ ತೋರುವುದೇ ಇಲ್ಲ.

ಈ ವಿಚಾರವನ್ನು ಈ ವಾರ ಎತ್ತಿಕೊಳ್ಳಲು ಒಂದು ಪತ್ರ ಕಾರಣ. ಮಲೆನಾಡಿನ ಊರೊಂದರಿಂದ ಈ ಪುಟದ ವಾಚಕಿಯೊಬ್ಬರು ಬರೆದಿದ್ದಾರೆ. ಅವರಿಗೆ ಇಬ್ಬರು ಮಕ್ಕಳು. ಒಂಬತ್ತು ವರ್ಷದ ಮಗ ಶಾಲೆಯಲ್ಲಿ ಬಹುಮಾನವಾಗಿ ಬಂದ ನೀತಿಕಥೆಗಳ ಪುಸ್ತಕವನ್ನು ಮುಟ್ಟಲೊಲ್ಲ. ಹದಿಮೂರು ವರ್ಷದ ಮಗಳು ಅಜ್ಜಿಯ ಪೆಟ್ಟಿಗೆಯಿಂದ ತ್ರಿವೇಣಿಯವರ 'ಶರಪಂಜರ'ವನ್ನು ತೆಗೆದು ಎರಡು ರಾತ್ರಿಗಳಲ್ಲಿ ಅರ್ಧ ಮುಗಿಸಿದ್ದಳಂತೆ. ತಂದೆ ಅದನ್ನು ಕಂಡು, "ಇದು ನಿನ್ನ ವಯಸ್ಸಿಗೆ ತಕ್ಕದ್ದಲ್ಲ" ಎಂದು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರಂತೆ. ಅಂದಿನಿಂದ ಹುಡುಗಿ ತಂದೆಯೊಡನೆ ಸರಿಯಾಗಿ ಮಾತನಾಡುತ್ತಿಲ್ಲ. ಬೇರೆ ಪುಸ್ತಕವನ್ನೂ ಕೈಗೆತ್ತಿಕೊಳ್ಳುತ್ತಿಲ್ಲ. "ಯಾವ ವಯಸ್ಸಿಗೆ ಯಾವ ಪುಸ್ತಕ, ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿಯೊಂದನ್ನು ಕೊಟ್ಟರೆ ಉಪಕಾರವಾಗುತ್ತದೆ" ಎಂದು ಆ ತಾಯಿ ಕೇಳಿದ್ದಾರೆ.

ಪಟ್ಟಿ ಕೊಡುವುದು ಕಷ್ಟವಲ್ಲ. ಉತ್ತರಪತ್ರಿಕೆಗಳಿಗೆ ಅಂಕ ಹಾಕುವುದೇ ಹೊಟ್ಟೆಪಾಡಾಗಿರುವ ನನ್ನಂಥವನಿಗೆ ಅದು ಒಂದು ಸಂಜೆಯ ಕೆಲಸ. ಆದರೆ ಅಂಕ ಹಾಕುವವನ ಕೈಯಲ್ಲಿ ಮಾದರಿ ಉತ್ತರ ಒಂದಿರಬೇಕಲ್ಲವೆ? ಮಕ್ಕಳ ಕಥೆಯ ಮಾದರಿ ಉತ್ತರ ಯಾವುದು? ಅದನ್ನು ಗೊತ್ತುಮಾಡದೆ ಪಟ್ಟಿ ಕೊಟ್ಟರೆ, ಬೀರುವಿನ ಬೀಗದ ಕೈಯೊಂದನ್ನು ನಾನೂ ಹಿಡಿದಂತಾದೀತು. ಆದ್ದರಿಂದ ಪಟ್ಟಿಗಿಂತ ಮೊದಲು ಒರೆಗಲ್ಲಿನ ವಿಚಾರ.

ಮಕ್ಕಳ ಪುಸ್ತಕಗಳಿಗೆ ತೂಕ ಕಟ್ಟುವುದು ಲೋಕದಲ್ಲಿ ಹೊಸ ಕೆಲಸವೇನಲ್ಲ. ಅಮೆರಿಕದ ಗ್ರಂಥಾಲಯ ಸಂಘದವರು ನ್ಯೂಬೆರಿ ಪದಕವನ್ನು 1922ರಲ್ಲಿ ಮೊದಲು ಕೊಟ್ಟರು. ಬ್ರಿಟನ್ನಿನ ಗ್ರಂಥಾಲಯ ಸಂಘದವರು ಕಾರ್ನೆಗಿ ಪದಕವನ್ನು 1936ರಲ್ಲಿ ಸ್ಥಾಪಿಸಿದರು. ಆಂಡರ್ಸನ್ನನ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿ 1956ರಲ್ಲಿ ಆರಂಭವಾಯಿತು. ನಮ್ಮ ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲಸಾಹಿತ್ಯ ಪುರಸ್ಕಾರವನ್ನು ಕೊಡತೊಡಗಿದ್ದು 2010ರಲ್ಲಿ; ಮೊದಲ ವರ್ಷ ಕನ್ನಡದಲ್ಲಿ ಅದು ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ ಸಂದಿತು. ಇವೆಲ್ಲ ಗೌರವದ ಮಾತೇ. ಆದರೆ ಇವೆಲ್ಲದರಲ್ಲಿಯೂ ಬಹುಮಾನವನ್ನು ನಿರ್ಣಯಿಸುವವರು ಮೀಸೆ ನರೆತವರು. ಜರ್ಮನಿಯವರು ಮಾತ್ರ ಒಂದು ಹೆಜ್ಜೆ ಮುಂದಿಟ್ಟಿದ್ದಾರೆ. 1956ರಿಂದ ನಡೆದುಬಂದಿರುವ ಅಲ್ಲಿಯ ಬಾಲಸಾಹಿತ್ಯ ಪ್ರಶಸ್ತಿಗೆ 2003ರಿಂದ ಕಿಶೋರ ವಯಸ್ಸಿನ ಓದುಗರದೇ ಒಂದು ಪ್ರತ್ಯೇಕ ತೀರ್ಪುಗಾರರ ಮಂಡಳಿಯಿದೆ. ತಮಗೆ ಮೆಚ್ಚಿಕೆಯಾದ ಪುಸ್ತಕಕ್ಕೆ ಅವರು ತಾವೇ ಬಹುಮಾನ ಕೊಡುತ್ತಾರೆ. ದೊಡ್ಡವರ ಮಂಡಳಿಯೂ ಪಕ್ಕದಲ್ಲಿಯೇ ಕುಳಿತು ತನ್ನ ಬಹುಮಾನ ಕೊಡುತ್ತದೆ. ಎರಡು ತಕ್ಕಡಿಗಳು ಹೀಗೆ ಜೊತೆಯಲ್ಲಿ ತೂಗುವುದು ನನಗಂತೂ ನ್ಯಾಯವಾಗಿ ಕಾಣುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವ ತಕ್ಕಡಿ ಒಂದೇ. ಅದರ ಹೆಸರು ನೀತಿ. ಪುಸ್ತಕದಂಗಡಿಯಲ್ಲಿ ತಂದೆತಾಯಿಗಳು ಪುಸ್ತಕವನ್ನು ತಿರುವಿಹಾಕಿ ಕೊನೆಯ ಪುಟವನ್ನು ನೋಡುವುದನ್ನು ನೀವೂ ಕಂಡಿರಬಹುದು. 'ಸುಳ್ಳು ಹೇಳಬಾರದು', 'ಹಿರಿಯರ ಮಾತು ಕೇಳಬೇಕು' ಎಂಬ ವಾಕ್ಯ ದಪ್ಪಕ್ಷರದಲ್ಲಿ ಅಲ್ಲಿ ಇದ್ದರೆ ಪುಸ್ತಕ ಉತ್ತೀರ್ಣ, ಇಲ್ಲದಿದ್ದರೆ ನಪಾಸು. ಕಥೆಯೆಂಬುದು ಔಷಧದ ಗುಳಿಗೆಗೆ ಸವರಿದ ಬೆಲ್ಲವೆಂದು ನಾವು ತಿಳಿದಿದ್ದೇವೆ. ಮಕ್ಕಳು ನಮಗಿಂತ ಜಾಣರು. ಬೆಲ್ಲವನ್ನು ನೆಕ್ಕಿ ಗುಳಿಗೆಯನ್ನು ಉಗುಳುತ್ತಾರೆ. ಬೆಲ್ಲವೇ ಇಲ್ಲದಿದ್ದರೆ, ಪತ್ರ ಬರೆದ ತಾಯಿಯ ಮಗನಂತೆ, ಮುಟ್ಟುವುದೇ ಇಲ್ಲ.

ನಮ್ಮ ಅಲಂಕಾರಿಕರು ಈ ವಿಷಯವನ್ನು ಎಂದೋ ಚರ್ಚಿಸಿದ್ದಾರೆ. ಹನ್ನೊಂದನೆಯ ಶತಮಾನದ ಮಮ್ಮಟ ಉಪದೇಶದಲ್ಲಿ ಮೂರು ಬಗೆಯನ್ನು ಹೇಳುತ್ತಾನೆ. ದೊರೆಯಂತೆ ಆಜ್ಞೆ ಮಾಡುವುದು ವೇದ, ಗೆಳೆಯನಂತೆ ತಿಳಿಯಹೇಳುವುದು ಪುರಾಣೇತಿಹಾಸ, ಪ್ರಿಯೆಯಂತೆ ಮನಸ್ಸನ್ನು ಒಲಿಸಿಕೊಳ್ಳುವುದು ಕಾವ್ಯ. ದೊಡ್ಡವರ ಸಾಹಿತ್ಯವನ್ನು ಈ ಮೂರನೆಯ ಗುಂಪಿಗೆ ಸೇರಿಸಿ ನಾವು ಹೆಮ್ಮೆಪಡುತ್ತೇವೆ. ಮಕ್ಕಳ ಸಾಹಿತ್ಯವನ್ನು ಮಾತ್ರ ಯಾವ ವಿಚಾರಣೆಯೂ ಇಲ್ಲದೆ ಮೊದಲನೆಯ ಗುಂಪಿಗೆ ತಳ್ಳಿ ದೊರೆಯ ಕೈಗೆ ಕೋಲನ್ನೂ ಕೊಟ್ಟಿದ್ದೇವೆ. ಮಕ್ಕಳ ಕಥೆ ಆ ಎರಡನೆಯದಾಗಿ, ಗೆಳೆಯನಾಗಿ ಬಂದರೆ ಸಾಕು ಎಂಬುದು ನನ್ನ ಬೇಡಿಕೆ. ಗೆಳೆಯನೂ ಬುದ್ಧಿ ಹೇಳುತ್ತಾನೆ. ಆದರೆ ಪ್ರತಿಯೊಂದು ಆಟದ ಕೊನೆಯಲ್ಲಿ ಹೇಳುವುದಿಲ್ಲ.

ಇನ್ನು ಒರೆಗಲ್ಲುಗಳು. ಮೊದಲನೆಯದು ಬಹಳ ಸರಳವಾದದ್ದು. ಕಥೆಯ ಕೊನೆಯ ನೀತಿವಾಕ್ಯವನ್ನು ಬೆರಳಿನಿಂದ ಮುಚ್ಚಿ ಓದಿರಿ. ಕಥೆ ನಿಂತರೆ ಅದು ಕಥೆ, ಕುಸಿದರೆ ಅದು ವಾಕ್ಯ. ಪಂಚತಂತ್ರ ಈ ಒರೆಗೆ ಹೆದರಬೇಕಾಗಿಲ್ಲ. ಮಂಗನ ಗುಂಡಿಗೆಯನ್ನು ಬಯಸಿದ ಮೊಸಳೆಯ ಕಥೆ ಯಾವ ನೀತಿವಾಕ್ಯವೂ ಇಲ್ಲದೆ ಸಾವಿರ ವರ್ಷ ಬದುಕಬಲ್ಲದು, ಬದುಕಿದೆ. ಅಲ್ಲಿ ಗೆಲ್ಲುವವನು ಸಾಧುವಲ್ಲ, ಸಮಯಕ್ಕೆ ಬುದ್ಧಿ ಓಡಿಸಿದವನು ಎಂಬುದನ್ನೂ ಗಮನಿಸಬೇಕು. ದಡ್ಡರಾದ ಮೂವರು ರಾಜಕುಮಾರರನ್ನು ವಿಷ್ಣುಶರ್ಮ ಕಥೆಗಳ ಮುಖಾಂತರ ಆರು ತಿಂಗಳಲ್ಲಿ ಜಾಣರನ್ನಾಗಿ ಮಾಡಿದನೆಂದು ಆ ಗ್ರಂಥ ಹೇಳಿಕೊಳ್ಳುತ್ತದೆ. ಆ ಕಥೆಗಳು ಅವರನ್ನು ಭಕ್ತರನ್ನಾಗಿ ಮಾಡಲು ಹೊರಟವಲ್ಲ.

ಎರಡನೆಯ ಒರೆ ಕಿವಿ. ಪುಸ್ತಕದ ಯಾವುದಾದರೊಂದು ಪುಟವನ್ನು ಗಟ್ಟಿಯಾಗಿ ಓದಿರಿ. ನಾಲಗೆ ತೊಡರಿದರೆ, ಉಸಿರು ಕಟ್ಟಿದರೆ, ಅದನ್ನು ಮಗುವಿನ ಕೈಗೆ ಕೊಡಬೇಡಿರಿ. ಪಂಜೆ ಮಂಗೇಶರಾಯರ ಗುಟ್ಟು ಇದೇ. 1874ರಿಂದ 1937ರವರೆಗೆ ಬಾಳಿದ ಅವರು ಉಪಾಧ್ಯಾಯರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ ದಕ್ಷಿಣ ಕನ್ನಡದ ಮಕ್ಕಳ ನಡುವೆ ಓಡಾಡಿದವರು. ಮಕ್ಕಳ ಕಿವಿ ಯಾವುದಕ್ಕೆ ನಿಮಿರುತ್ತದೆಂಬುದನ್ನು ಕಂಡುಕೊಂಡವರು. 'ಹೇನು ಸತ್ತು ಕಾಗೆ ಬಡವಾಯಿತು' ಎಂಬುದು ಅವರು ಹೇಳಿದ ಒಂದು ಕಥೆ. ಒಂದರ ಕೊಂಡಿಗೆ ಮತ್ತೊಂದು ಸಿಕ್ಕಿಕೊಂಡು ಬೆಳೆಯುವ ಸರಪಳಿ ಅದು. ಇದರಲ್ಲಿ ನೀತಿಯೇನು ಎಂದು ಕೇಳಿದವನು ಮಕ್ಕಳ ಲೋಕದ ಬಾಗಿಲಿನಲ್ಲಿಯೇ ನಿಲ್ಲಬೇಕಾಗುತ್ತದೆ. ಒಂದು ಮಾತು ಮರಳಿ ಬರುವುದರಲ್ಲಿರುವ ಸುಖ, ಮುಂದೇನು ಬರುತ್ತದೆಂದು ತನಗೆ ಮೊದಲೇ ಗೊತ್ತಿರುವುದರಲ್ಲಿರುವ ಹೆಮ್ಮೆ: ಆ ಕಥೆ ಮಗುವಿಗೆ ಕೊಡುವ ಸಂಬಳ ಅಷ್ಟೇ, ಮತ್ತು ಅದು ಸಣ್ಣ ಸಂಬಳವಲ್ಲ. ಹೊರಗಿನಿಂದ ತಂದ ವಸ್ತುವಿಗೂ ಇದೇ ಮಾತು ಸಲ್ಲುತ್ತದೆ. ಬ್ರೌನಿಂಗ್ ಕವಿ 1842ರಲ್ಲಿ ಪ್ರಕಟಿಸಿದ ಕೊಳಲಿನವನ ಕಥನಕವನ ಕುವೆಂಪು ಅವರ ಕೈಯಲ್ಲಿ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಾಯಿತು. ಅದನ್ನು ಬಾಯಿಪಾಠ ಮಾಡಿದ ಮಕ್ಕಳಿಗೆ ಅದು ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನಿಂದ ಬಂದುದೆಂದು ಹೇಳಿದರೆ ನಂಬುವುದಿಲ್ಲ; ನಂಬಬೇಕಾದ ಅಗತ್ಯವೂ ಇಲ್ಲ. ನಾ. ಕಸ್ತೂರಿಯವರು ಆಲಿಸಳನ್ನು ಕನ್ನಡಕ್ಕೆ ಕರೆತಂದು 'ಪಾತಾಳದಲ್ಲಿ ಪಾಪಚ್ಚಿ' ಎಂದು ಹೆಸರಿಟ್ಟಾಗಲೇ ಅರ್ಧ ಕೆಲಸ ಮುಗಿದಿತ್ತು.

ಮೂರನೆಯ ಒರೆ ನನಗೆ ಹೊಳೆದುದಲ್ಲ. ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಕಲಿಸಿದ್ದು. ಬೇಸಗೆಯ ರಜೆಯಲ್ಲಿ ಬಂದವನಿಗೆ ಐದಾರು ಪುಸ್ತಕಗಳನ್ನು ಕೊಟ್ಟು, ಓದಿ ನೂರಕ್ಕೆ ಇಷ್ಟೆಂದು ಅಂಕ ಹಾಕು ಎಂದಿದ್ದೆ. ಅಚ್ಚುಕಟ್ಟಾದ ಮುದ್ರಣದ, ಒಳ್ಳೆಯ ಚಿತ್ರಗಳ ಒಂದು ಪುಸ್ತಕಕ್ಕೆ ಅವನು ಇಪ್ಪತ್ತು ಅಂಕ ಕೊಟ್ಟ. ಕಾರಣ ಕೇಳಿದೆ. "ಇದರಲ್ಲಿರೋ ಹುಡುಗ ಯಾವಾಗಲೂ ಸರಿಯಾಗೇ ಮಾಡ್ತಾನೆ ಮಾವ. ಅವನ ಜೊತೆ ಯಾರು ಆಡ್ತಾರೆ?" ಎಂದ. ವಿಮರ್ಶೆಯ ದೊಡ್ಡ ಗ್ರಂಥಗಳಲ್ಲಿ ಪಾತ್ರಪೋಷಣೆಯ ವಿಚಾರವಾಗಿ ಇದಕ್ಕಿಂತ ಹೆಚ್ಚಿನದನ್ನು ನಾನು ಓದಿಲ್ಲ. ಕಥೆಯ ಹುಡುಗನಿಗೆ ತಪ್ಪುವ ಹಕ್ಕು ಇರಬೇಕು; ತನ್ನ ತೊಡಕನ್ನು ತಾನೇ ಬಿಡಿಸಿಕೊಳ್ಳುವ ಅವಕಾಶವೂ ಇರಬೇಕು. ಕೊನೆಯ ಅಧ್ಯಾಯದಲ್ಲಿ ಮೇಷ್ಟರೋ ಪೊಲೀಸರೋ ಬಂದು ಎಲ್ಲವನ್ನೂ ಸರಿಪಡಿಸಿದರೆ ಓದುವ ಮಗುವಿಗೆ ಮೋಸವಾಗುತ್ತದೆ. ಮೈಸೂರಿನ ಆರ್. ಕೆ. ನಾರಾಯಣರು 1935ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಸ್ವಾಮಿ ಮತ್ತು ಸ್ನೇಹಿತರು' ಕಾದಂಬರಿಯನ್ನು ನೋಡಿರಿ. ಸ್ವಾಮಿ ಶಾಲೆಯಿಂದ ಓಡುತ್ತಾನೆ, ಮನೆಯನ್ನೂ ಬಿಟ್ಟು ಓಡುತ್ತಾನೆ, ಅವನಿಲ್ಲದೆ ಕ್ರಿಕೆಟ್ ಪಂದ್ಯ ಸೋಲುತ್ತದೆ, ಗೆಳೆಯ ರಾಜಂ ಮುನಿಸಿಕೊಳ್ಳುತ್ತಾನೆ. ಕೊನೆಗೆ ರಾಜಂ ಊರು ಬಿಡುವಾಗ ಸ್ವಾಮಿ ರೈಲುನಿಲ್ದಾಣಕ್ಕೆ ಆಂಡರ್ಸನ್ನನ ಕಥೆಗಳ ಪುಸ್ತಕವನ್ನು ಹಿಡಿದು ಓಡಿಬರುತ್ತಾನೆ. ರೈಲು ಹೊರಟೇಹೋಗುತ್ತದೆ. ಗೆಳೆಯ ಕ್ಷಮಿಸಿದನೆ, ಇಲ್ಲವೆ? ಲೇಖಕರು ಹೇಳುವುದಿಲ್ಲ. ಮಗು ಪುಸ್ತಕ ಮುಚ್ಚಿದ ಮೇಲೆಯೂ ಆ ನಿಲ್ದಾಣದಲ್ಲಿ ನಿಂತೇ ಇರುತ್ತದೆ.

ಇಲ್ಲಿಯೇ ನಾಲ್ಕನೆಯ ಪ್ರಶ್ನೆ ಏಳುತ್ತದೆ: ಮಕ್ಕಳ ಕಥೆಯಲ್ಲಿ ದುಃಖ ಇರಬಹುದೆ? ಸಾವು, ಭಯ, ಅನ್ಯಾಯ ಇರಬಹುದೆ? ಈಚೆಗೆ ಅನೇಕ ಪ್ರಕಾಶಕರೂ ಶಾಲೆಗಳವರೂ 'ಮಗುವಿನ ಮನಸ್ಸಿಗೆ ಆಘಾತವಾಗಬಾರದು' ಎಂದು ಹೇಳಿ ಎಲ್ಲ ಕಥೆಗಳ ಹಲ್ಲು ಕೀಳುತ್ತಿದ್ದಾರೆ. ಅವರು ನಮ್ಮ ಗೋವಿನ ಹಾಡನ್ನು ನೆನೆಯಲಿ. ಕನ್ನಡ ನಾಡಿನ ಎಷ್ಟು ತಲೆಮಾರುಗಳ ಮಕ್ಕಳು ಪುಣ್ಯಕೋಟಿಯ ಕರು ತಾಯಿಯನ್ನು ಬೀಳ್ಕೊಡುವಲ್ಲಿ ಅತ್ತಿಲ್ಲ! ಕೊನೆಯಲ್ಲಿ ಸಾಯುವುದು ಹಸುವಲ್ಲ, ಹಸಿದ ಹುಲಿ. ಆ ಹುಲಿಯ ಸಾವಿನ ಮುಂದೆ ನಿಂತು "ಪಾಪ, ಅದು ಯಾಕೆ ಸಾಯಬೇಕಿತ್ತು?" ಎಂದು ಕೇಳದ ಮಗು ಅಪರೂಪ. ಶತ್ರುವಿಗಾಗಿ ಮರುಗುವುದನ್ನು ಕಲಿಸುವುದಕ್ಕಿಂತ ದೊಡ್ಡ ನೀತಿ ಯಾವುದು? ಆದರೆ ಅದನ್ನು ಹಾಡು ಬಾಯಿಬಿಟ್ಟು ಹೇಳುವುದಿಲ್ಲ. ಮಗುವೇ ಕೇಳುವಂತೆ ಮಾಡುತ್ತದೆ. ಕಿಂದರಿಜೋಗಿಯ ಹಿಂದೆ ಹೋದ ಮಕ್ಕಳೂ ಮರಳುವುದಿಲ್ಲ. ದೊಡ್ಡವರು ಕೊಟ್ಟ ಮಾತಿಗೆ ತಪ್ಪಿದುದರ ದಂಡವನ್ನು ಮಕ್ಕಳು ತೆರಬೇಕಾಯಿತಲ್ಲಾ ಎಂಬ ಕಹಿ ಅಲ್ಲಿ ಉಳಿಯುತ್ತದೆ. ಆದ್ದರಿಂದ ನೋಡಬೇಕಾದದ್ದು ಕಥೆಯಲ್ಲಿ ಕತ್ತಲೆ ಇದೆಯೆ ಎಂಬುದನ್ನಲ್ಲ. ಆ ಕತ್ತಲೆಯಲ್ಲಿ ಲೇಖಕ ಮಗುವಿನ ಕೈ ಬಿಟ್ಟನೆ, ಹಿಡಿದನೆ ಎಂಬುದನ್ನು. ಬರಿಯ ಬೆಚ್ಚಿಬೀಳಿಸುವುದಕ್ಕಾಗಿ ರಕ್ತ ಚೆಲ್ಲಿದ ಕಥೆಗೂ ಪುಣ್ಯಕೋಟಿಯ ಕಥೆಗೂ ಇರುವ ಅಂತರ ಇಷ್ಟೇ, ಮತ್ತು ಇದು ದೊಡ್ಡ ಅಂತರ.

ಐದನೆಯದನ್ನು ಚಿಕ್ಕದಾಗಿ ಹೇಳುತ್ತೇನೆ. ಬರೆದವನ ಪೂರ್ವಗ್ರಹಗಳು ಕಥೆಯೊಳಗೆ ಕಳ್ಳಹೆಜ್ಜೆಯಿಟ್ಟು ಬಂದಿವೆಯೆ? ಕಳ್ಳನೆಂದರೆ ಕಪ್ಪು ಮೈಯವನು, ಹುಡುಗಿಯೆಂದರೆ ಮರದ ಕೆಳಗೆ ನಿಂತು ಅಣ್ಣನ ಸಾಹಸವನ್ನು ನೋಡುವವಳು, ಬಡವನೆಂದರೆ ಕೈಮುಗಿಯುವವನು ಎಂಬ ಚಿತ್ರಗಳು ಇಂದಿಗೂ ಅಚ್ಚಾಗುತ್ತಿವೆ. ದಪ್ಪಕ್ಷರದ ನೀತಿಯನ್ನು ಮಗು ಮರೆಯುತ್ತದೆ. ಇಂಥ ಚಿತ್ರಗಳನ್ನು ಮರೆಯುವುದಿಲ್ಲ.

ಇನ್ನು ವಯಸ್ಸಿನ ಮಾತು. ಪುಸ್ತಕದ ಮೇಲೆಯೇ ವಯಸ್ಸನ್ನು ಅಚ್ಚು ಹಾಕಿಬಿಟ್ಟರೆ ಎಲ್ಲರಿಗೂ ಅನುಕೂಲವಲ್ಲವೆ ಎನ್ನಬಹುದು. ಬ್ರಿಟನ್ನಿನ ಪ್ರಕಾಶಕರು 2008ರಲ್ಲಿ ಹಾಗೆಯೇ ಮಾಡಹೊರಟರು. ಫಿಲಿಪ್ ಪುಲ್ಮನ್ ಮೊದಲಾದ ಮಕ್ಕಳ ಲೇಖಕರು ಒಟ್ಟಾಗಿ ಪ್ರತಿಭಟಿಸಿದರು. ಅವರ ವಾದದಲ್ಲಿ ಹುರುಳಿದೆ. ಓದಿನಲ್ಲಿ ಹಿಂದುಳಿದ ಹನ್ನೆರಡು ವರ್ಷದ ಹುಡುಗ 'ಏಳು ವರ್ಷದವರಿಗೆ' ಎಂಬ ಮುದ್ರೆಯಿರುವ ಪುಸ್ತಕವನ್ನು ಗೆಳೆಯರ ಮುಂದೆ ತೆರೆಯಬಲ್ಲನೆ? ನಮ್ಮ ನಾಡಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಲಂಬಾಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳಿದ್ದಾರೆ. ಮನೆತನದಲ್ಲಿಯೇ ಮೊದಲು ಪುಸ್ತಕ ಮುಟ್ಟಿದವರಿದ್ದಾರೆ. ಇವರಿಗೆಲ್ಲ ಒಂದೇ ಹುಟ್ಟುಹಬ್ಬದ ಲೆಕ್ಕ ಹೇಗೆ ಸಲ್ಲೀತು? ವಯಸ್ಸು ಮಗುವಿಗೆ ಇರುವುದೇ ಹೊರತು ಪುಸ್ತಕಕ್ಕಲ್ಲ. ಮಕ್ಕಳು ಮಾತ್ರವೇ ಮೆಚ್ಚುವ ಮಕ್ಕಳ ಕಥೆ ಒಳ್ಳೆಯದಲ್ಲ ಎಂಬ ಅರ್ಥದ ಮಾತನ್ನು ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ಆಡಿದ್ದಾನೆ. ಅದನ್ನು ತಿರುವಿ ಹೇಳಿದರೂ ನಿಜವೇ: ದೊಡ್ಡವರು ಮಾತ್ರವೇ ಮೆಚ್ಚುವ ಮಕ್ಕಳ ಕಥೆಯೂ ಒಳ್ಳೆಯದಲ್ಲ.

ಕನ್ನಡದಲ್ಲಿ ನಿಜವಾಗಿ ಬರಿದಾಗಿರುವ ಕಪಾಟು ಹನ್ನೆರಡರಿಂದ ಹದಿನಾರರವರೆಗಿನದು. ಚಿಕ್ಕವರಿಗೆ ಪಂಜೆಯವರಿದ್ದಾರೆ, ರಾಜರತ್ನಂ ಅವರಿದ್ದಾರೆ, ಕಾರಂತರ 'ಢಂ ಢಂ ಢೋಲು' ಇದೆ. 1949ರಿಂದ ಬಹುಕಾಲ ಕನ್ನಡದಲ್ಲಿ ಬಂದು ಈಗ ನಿಂತುಹೋಗಿರುವ 'ಚಂದಮಾಮ'ದ ಹಳೆಯ ಸಂಚಿಕೆಗಳನ್ನು ಕಾಪಾಡಿಕೊಂಡ ಮನೆಗಳಿವೆ. ಆಮೇಲೆ? 'ಚಂದಮಾಮ'ದ ಬೇತಾಳನನ್ನು ಬೆನ್ನಿನಿಂದ ಇಳಿಸಿದ ಹುಡುಗ ನೇರವಾಗಿ ದೊಡ್ಡವರ ಕಾದಂಬರಿಗೆ ಹಾರಬೇಕು. ಹಿಂದಿನವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಆ ನಡುವಿನ ಹೊಳೆಯನ್ನು ದಾಟಿಸಿದ. ಎಷ್ಟೋ ಜನ ಕನ್ನಡ ಓದುವುದನ್ನು ಕಲಿತದ್ದೇ ಅವನ ಬೆನ್ನುಹತ್ತಿ. ಪಂಡಿತರು ಮೂಗು ಮುರಿದರೂ ಈ ಋಣವನ್ನು ಒಪ್ಪಲೇಬೇಕು. ಈಗಿನವರಿಗೆ ಆ ಉಪಕಾರವನ್ನು ಹೆಚ್ಚಾಗಿ ಮಾಡುತ್ತಿರುವವರು ಪೂರ್ಣಚಂದ್ರ ತೇಜಸ್ವಿಯವರು. 1980ರಲ್ಲಿ ಬಂದ 'ಕರ್ವಾಲೊ' ಮಕ್ಕಳಿಗಾಗಿ ಬರೆದ ಪುಸ್ತಕವಲ್ಲ. ಆದರೆ ಜೇನು ಹಿಡಿಯುವ ಮಂದಣ್ಣ, ಕಿವಿ ಎಂಬ ನಾಯಿ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ನುಗ್ಗುವ ಆ ವಿಚಿತ್ರ ತಂಡ, ಇವರ ಜೊತೆಗೆ ಹೊರಡಲು ಹದಿನಾಲ್ಕರ ಹುಡುಗನಿಗೆ ಯಾರ ಶಿಫಾರಸೂ ಬೇಕಾಗುವುದಿಲ್ಲ. ಓತಿ ಕೊನೆಗೂ ಕೈಗೆ ಸಿಕ್ಕುವುದಿಲ್ಲ ಎಂಬುದರ ಅರ್ಥ ಅವನಿಗೆ ಇಪ್ಪತ್ತನಾಲ್ಕರಲ್ಲಿ ಆದೀತು, ಆಗಲಿ. ಎರಡು ಸಲ ಓದಿಸಿಕೊಳ್ಳುವ ಪುಸ್ತಕಕ್ಕೆ ಎರಡು ಸಲ ಅಂಕ.

ಹದಿಮೂರು ವರ್ಷದ ಆ ಹುಡುಗಿ ಓದುತ್ತಿದ್ದ 'ಶರಪಂಜರ'ಕ್ಕೂ ಈ ಮಾತು ಅನ್ವಯಿಸುತ್ತದೆ. ತಂದೆಯ ಕಳವಳ ನನಗೆ ಅರ್ಥವಾಗುತ್ತದೆ. ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, ಹದಿನಾರಕ್ಕೆ ಮಿತ್ರನಂತೆ ಕಾಣು ಎಂಬ ಅರ್ಥದ ಸುಭಾಷಿತವನ್ನು ಕೇಳಿ ಬೆಳೆದವರು ನಾವು. ಓದಿನ ರುಚಿ ಹುಟ್ಟುವ ಕಾಲವೆಲ್ಲ ಆ ದಂಡನೆಯ ಹತ್ತು ವರ್ಷಗಳೊಳಗೆ ಸಿಕ್ಕಿಬಿದ್ದಿರುವುದು ನಮ್ಮ ದುರದೃಷ್ಟ. ಆದರೆ ಆ ಕಾದಂಬರಿಯಲ್ಲಿರುವುದೇನು? ಬಾಣಂತನದ ನಂತರ ಮಾನಸಿಕ ಕಾಯಿಲೆಗೆ ಗುರಿಯಾದ ಕಾವೇರಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಅವಳು ಗುಣವಾದಳೆಂಬುದನ್ನು ಮನೆಯವರೂ ನೆರೆಯವರೂ ನಂಬುವುದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರ ಮಾಡಿದಾಗ ನಾಡಿನ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡು ಹೊರಬಂದರು. ಹೆಣ್ಣುಮಗಳೊಬ್ಬಳು ಲೋಕದ ಅನುಮಾನದ ನಡುವೆ ಹೇಗೆ ಬದುಕಬೇಕಾಗುತ್ತದೆಂಬುದು ಹದಿಮೂರರ ಹುಡುಗಿಗೆ ತಿಳಿಯಬಾರದ ವಿಷಯವೆ? ಅವಳು ಅದನ್ನು ಪುಸ್ತಕದಲ್ಲಿ ಕಾಣದಿದ್ದರೆ ಬೀದಿಯಲ್ಲಿ ಕಾಣುತ್ತಾಳೆ, ಪುಸ್ತಕದಲ್ಲಿರುವ ಕರುಣೆಯಿಲ್ಲದೆ.

ಅರ್ಧ ಓದಿದ ಕಾದಂಬರಿಯನ್ನು ಕಿತ್ತುಕೊಳ್ಳುವುದರಲ್ಲಿ ಇನ್ನೊಂದು ಅಪಾಯವಿದೆ. ಕಾವೇರಿ ಆ ಹುಡುಗಿಯ ಮನಸ್ಸಿನಲ್ಲಿ ಈಗ ನಡುದಾರಿಯಲ್ಲಿಯೇ ನಿಂತುಬಿಟ್ಟಿದ್ದಾಳೆ. ಕಥೆಯ ಭಾರವನ್ನು ಇಳಿಸುವುದು ಕಥೆಯ ಕೊನೆಯೇ ಹೊರತು ಬೀರುವಿನ ಬಾಗಿಲಲ್ಲ. ಆದ್ದರಿಂದ ಆ ತಾಯಿಗೆ ನನ್ನ ವಿನಂತಿ: ಪುಸ್ತಕವನ್ನು ಹೊರತೆಗೆಯಿಸಿರಿ. ಸಾಧ್ಯವಾದರೆ ಉಳಿದ ಭಾಗವನ್ನು ನೀವೂ ಮಗಳ ಜೊತೆಯಲ್ಲಿ ಓದಿರಿ. ತಂದೆಯವರೂ ಓದಲಿ, ಅವರು ಅದನ್ನು ಓದದೆಯೇ ಅಂಕ ಹಾಕಿರಬಹುದೆಂಬ ಸಣ್ಣ ಸಂಶಯ ನನಗಿದೆ. ಓದಿದ ಮೇಲೆಯೂ ಬೇಡವೆನ್ನಿಸಿದರೆ ಕಾರಣವನ್ನು ಮಗಳಿಗೆ ಹೇಳಲಿ, ಅವಳ ಉತ್ತರವನ್ನೂ ಕೇಳಲಿ. ಆ ಮನೆಯಲ್ಲಿ ನಿಂತುಹೋಗಿರುವ ಮಾತು ಅಲ್ಲಿಂದಲೇ ಮತ್ತೆ ಆರಂಭವಾಗಬಹುದು.

ಮಗನ ವಿಷಯ ಸುಲಭ. ನೀತಿಕಥೆಗಳ ಪುಸ್ತಕವನ್ನು ಬದಿಗಿಟ್ಟು ಅವನನ್ನು ಗ್ರಂಥಾಲಯಕ್ಕೆ ಕರೆದೊಯ್ಯಿರಿ. ನಮ್ಮ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುವ 'ಓದುವ ಬೆಳಕು' ಎಂಬ ಕಾರ್ಯಕ್ರಮ 2020ರಲ್ಲಿ ಆರಂಭವಾಯಿತು. ಕಪಾಟಿನ ಮುಂದೆ ಅವನನ್ನು ಒಬ್ಬನನ್ನೇ ಬಿಟ್ಟು ನೀವು ದೂರ ಕುಳಿತುಕೊಳ್ಳಿರಿ. ಅವನು ಆರಿಸಿದ ಪುಸ್ತಕ ನಿಮಗೆ ಹಗುರವೆಂದು ತೋರಬಹುದು, ತೋರಲಿ. ಹತ್ತು ಹಗುರವಾದವನ್ನು ಓದಿದವನೇ ಹನ್ನೊಂದನೆಯದಾಗಿ ಭಾರವಾದುದನ್ನು ಎತ್ತುತ್ತಾನೆ. ಓದಿ ಮುಗಿಸಿದ ಮೇಲೆ "ಇದರಿಂದ ಏನು ಕಲಿತೆ?" ಎಂದು ಮಾತ್ರ ಕೇಳಬೇಡಿರಿ. ಆ ಒಂದು ಪ್ರಶ್ನೆ ಎಷ್ಟು ಮಕ್ಕಳನ್ನು ಪುಸ್ತಕದಿಂದ ಓಡಿಸಿದೆಯೋ ದೇವರೇ ಬಲ್ಲ. "ಆಮೇಲೆ ಏನಾಯಿತು?" ಎಂದು ಕೇಳಿರಿ. ಅವನು ಹೇಳತೊಡಗಿದರೆ ಪುಸ್ತಕ ಉತ್ತೀರ್ಣ. ಹೇಳುತ್ತ ಹೇಳುತ್ತ ಕಥೆಯನ್ನು ತಾನೇ ಬೆಳೆಸತೊಡಗಿದರೆ ಪ್ರಥಮ ದರ್ಜೆ.

ಕೊನೆಯದಾಗಿ ಈ ಪುಟದ ಎಲ್ಲ ವಾಚಕರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಹುಡುಗ ಹುಡುಗಿಯರು ತಾವು ಓದಿದ ಒಂದು ಕನ್ನಡ ಕಥೆಯ ಪುಸ್ತಕಕ್ಕೆ ನೂರಕ್ಕೆ ಇಷ್ಟೆಂದು ಅಂಕ ಹಾಕಿ, ಹಾಗೇಕೆ ಎಂಬುದನ್ನು ಹತ್ತು ಸಾಲಿನಲ್ಲಿ ಬರೆದು ಕಳುಹಿಸಲಿ. ಬಂದವುಗಳಲ್ಲಿ ಸ್ವಾರಸ್ಯವಾದವನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸೋಣ. ಪತ್ರ ಬರೆದ ತಾಯಿ ಕೇಳಿದ ಪಟ್ಟಿ ಹೀಗೆ, ಅಧಿಕಾರವುಳ್ಳವರ ಕೈಯಿಂದಲೇ ಸಿದ್ಧವಾಗಲಿ. ನಿಬಂಧನೆ ಒಂದೇ: ಮಕ್ಕಳ ಬರಹವನ್ನು ದೊಡ್ಡವರು ತಿದ್ದಬಾರದು. ಕಾಗುಣಿತದ ತಪ್ಪುಗಳಿದ್ದರೆ ಇರಲಿ. ಅವುಗಳಿಗೆ ಅಂಕ ಕಳೆಯುವುದಿಲ್ಲವೆಂದು, ಅಧ್ಯಾಪಕನಾಗಿದ್ದೂ, ಮಾತು ಕೊಡುತ್ತೇನೆ.